ಹಬ್ಬಕ್ಕೆ ಮುಂಚೆ ಲಿಮಿಟರ್ ನೋಡಿಕೊಳ್ಳಿ

ಗೆಳೆಯರೇ, ಗಣೇಶನ ಹಬ್ಬದ ಕೆಲಸ ಶುರುವಾಗುವ ಮುಂಚೆ ಒಂದು ಮಾತು. ಹೋದ ವರ್ಷ ಮೈಕ್ ಕೂಗಿ ನನ್ನ ಎರಡು ಹಾರ್ನ್ ಡ್ರೈವರ್ (ತೀಕ್ಷ್ಣ ಸದ್ದು ಕೊಡುವ ಸ್ಪೀಕರ್ ಭಾಗ) ಒಂದೇ ರಾತ್ರಿ ಸುಟ್ಟವು. ತುಂಬಾ ಬೇಜಾರಾಯ್ತು. ಸಿಗ್ನಲ್ ಮಿತಿ ಮೀರದಂತೆ ತಡೆಯುವ ಲಿಮಿಟರ್ ಇತ್ತು, ಆದರೆ ಮಿಕ್ಸರ್‌ನ ಮೇನ್ ಔಟ್‌ಗೆ ಮಾತ್ರ. ಬೇಸ್ ಸ್ಪೀಕರ್‌ಗೆ ಸರಿಯಾದ ಮಟ್ಟ ಹಾರ್ನ್‌ಗೆ ತೀರಾ ಜಾಸ್ತಿ, ಅಲ್ವಾ?

ಹಾಗಾಗಿ ಪ್ರೊಸೆಸರ್‌ನಲ್ಲಿ ಕ್ರಾಸ್‌ಓವರ್ (ಸದ್ದನ್ನು ಬೇಸ್, ಹಾರ್ನ್ ಅಂತ ಬೇರೆ ಮಾಡುವ ಹಂತ) ಆದ ಮೇಲೆ ಪ್ರತಿ ಔಟ್‌ಪುಟ್‌ಗೂ ಬೇರೆ ಲಿಮಿಟರ್ ಹಾಕಿ. ಸ್ಪೀಕರ್‌ನ ವ್ಯಾಟನ್ನು ಓಮ್‌ನಿಂದ ಗುಣಿಸಿ ವರ್ಗಮೂಲ ತೆಗೆದರೆ ಮಿತಿಯ ವೋಲ್ಟ್ ಸಿಗುತ್ತದೆ. 8 ಓಮ್, 800 ವ್ಯಾಟ್ ಬೇಸ್‌ಗೆ 80 ವೋಲ್ಟ್. 8 ಓಮ್, 60 ವ್ಯಾಟ್ ಹಾರ್ನ್‌ಗೆ ಸುಮಾರು 22. ಆಂಪ್ಲಿಫೈಯರ್ ಗೇನ್ (ಸಿಗ್ನಲ್ ಹೆಚ್ಚಿಸುವ ಪ್ರಮಾಣ) 32 ಡಿಬಿ, ಅಂದರೆ ಸುಮಾರು 40 ಪಟ್ಟು ಇದ್ದರೆ, ಆ ವೋಲ್ಟನ್ನು 40ರಿಂದ ಭಾಗಿಸಿ. ಅಂದರೆ ಪ್ರೊಸೆಸರ್‌ನಲ್ಲಿ ಬೇಸ್ ಸುಮಾರು +8 ಡಿಬಿಯು (ಸಿಗ್ನಲ್ ವೋಲ್ಟ್ ಮಟ್ಟ ಹೇಳುವ ಅಳತೆ), ಹಾರ್ನ್ ಬರೀ −3. ಎಷ್ಟು ದೂರ ನೋಡಿ!

ಹಾರ್ನ್‌ಗೆ ಅಟ್ಯಾಕ್ (ಲಿಮಿಟರ್ ಕೆಲಸ ಶುರುಮಾಡುವ ಸಮಯ) ಬೇಗ ಇರಲಿ, 1 ಮಿಲಿಸೆಕೆಂಡ್ ಆಸುಪಾಸು. ಬೇಸ್‌ಗೆ ಅಷ್ಟು ಬೇಗ ಇಟ್ಟರೆ ಸದ್ದು ಒಡೆಯುತ್ತದೆ. ಪೋರ್ಟ್ (ಗಾಳಿ ಕಿಂಡಿ) ಇರುವ ಬಾಕ್ಸ್‌ಗೆ ತೀರಾ ಕೆಳಗಿನ ಸ್ವರ ತಡೆಯುವ ಹೈಪಾಸ್ ಫಿಲ್ಟರ್ ಬೇಕೇ ಬೇಕು. ಪೋರ್ಟ್‌ನ ಟ್ಯೂನಿಂಗ್ ಫ್ರೀಕ್ವೆನ್ಸಿಗಿಂತ ಕೆಳಗೆ ಸ್ಪೀಕರ್ ಕೋನ್‌ಗೆ ಹಿಡಿತವೇ ಇರುವುದಿಲ್ಲ.

ಆಂಪ್ಲಿಫೈಯರ್ ಬದಲಿಸಿದರೆ ಮತ್ತೆ ಲೆಕ್ಕ ಹಾಕಿ. ಗೊಂದಲ ಇದ್ದವರು ಡ್ರೈವರ್ ಮಾಡೆಲ್, ಆಂಪ್ಲಿಫೈಯರ್ ಗೇನ್ ಇಲ್ಲಿ ಹಾಕಿ, ಒಟ್ಟಿಗೆ ಕೂತು ನೋಡೋಣ.