ಇಂಗ್ಲಿಷ್ ತರಗತಿಯಲ್ಲಿ ಸಂಸ್ಕೃತಿಯ ಪಾಠ: ಪೋಷಕರಿಗೆ ಪತ್ರ

ಆತ್ಮೀಯ ಪೋಷಕರೇ,

ಈ ಅವಧಿಯಿಂದ ವಾರಕ್ಕೊಂದು ಇಂಗ್ಲಿಷ್ ಪೀರಿಯಡ್ ಅನ್ನು ಆ ಭಾಷೆ ಆಡುವವರ ನಡೆನುಡಿಯ ಕಲಿಕೆಗೆ ಮೀಸಲಿಟ್ಟಿದ್ದೇವೆ. ವ್ಯಾಕರಣಕ್ಕೆ ಸಮಯ ಕಡಿಮೆಯಾಗುವುದಿಲ್ಲವೇ ಎಂದು ನಿಮಗೆ ಅನ್ನಿಸುವುದು ಸಹಜ.

'ಗಿವ್ ಮಿ ಯುವರ್ ಪೆನ್' ಎಂಬ ವಾಕ್ಯದಲ್ಲಿ ವ್ಯಾಕರಣದ ತಪ್ಪಿಲ್ಲ. ಆದರೆ ಅಪರಿಚಿತರ ಬಳಿ ಹಾಗೆ ಕೇಳಿದರೆ ಅದು ಅಪ್ಪಣೆಯಂತೆ ಕೇಳಿಸುತ್ತದೆ. ಕೊನೆಗೊಂದು 'ಪ್ಲೀಸ್' ಸೇರಿಸಿದರೂ ಒರಟುತನ ಪೂರ್ತಿ ಹೋಗದು. 'ಕುಡ್ ಐ ಬಾರೋ ಯುವರ್ ಪೆನ್?' ಎಂದು ಪ್ರಶ್ನೆಯಾಗಿ ಕೇಳುವುದೇ ಅಲ್ಲಿನ ಮರ್ಯಾದೆ. ಭಾಷಾತಜ್ಞೆ ಜೆನ್ನಿ ಥಾಮಸ್ 1983ರಲ್ಲೇ ಈ ಅಪಾಯದ ಬಗ್ಗೆ ಬರೆದಿದ್ದಾರೆ: ವ್ಯಾಕರಣ ತಪ್ಪಿದರೆ ಕೇಳುವವರು 'ಭಾಷೆ ಇನ್ನೂ ಬಂದಿಲ್ಲ' ಎಂದುಕೊಳ್ಳುತ್ತಾರೆ, ಮಾತಿನ ರೀತಿ ತಪ್ಪಿದರೆ ಆಡಿದವರ ಸ್ವಭಾವವೇ ಸರಿಯಿಲ್ಲ ಎಂದುಕೊಳ್ಳುತ್ತಾರೆ. ಚೆನ್ನಾಗಿ ಇಂಗ್ಲಿಷ್ ಬಲ್ಲ ಮಕ್ಕಳಿಗೇ ಈ ಪೆಟ್ಟು ಹೆಚ್ಚು, ಏಕೆಂದರೆ ಅವರಿಗೆ ಕಲಿಯುವವರೆಂಬ ರಿಯಾಯಿತಿ ಸಿಗುವುದಿಲ್ಲ.

ಪೀರಿಯಡ್ 40 ನಿಮಿಷದ್ದು. ಮೊದಲು ಎರಡು ನಿಮಿಷದ ಒಂದು ದೃಶ್ಯವನ್ನು ಧ್ವನಿಯಿಲ್ಲದೆ ತೋರಿಸುತ್ತೇವೆ. ಯಾರು ಎಷ್ಟು ದೂರ ನಿಂತಿದ್ದಾರೆ, ಮೊದಲು ಯಾರು ಮಾತಾಡಿದರು, ಕೈ ಕುಲುಕಿದರೇ, ಹೀಗೆ ಕಣ್ಣಿಗೆ ಬಿದ್ದದ್ದನ್ನಷ್ಟೇ ಮಕ್ಕಳು ಬರೆಯಬೇಕು. ಎಡವುವುದು ಇಲ್ಲಿಯೇ. 'ಅವರಿಗೆ ಸೊಕ್ಕು' ಎಂದು ನೇರ ತೀರ್ಪು ಬರೆದುಬಿಡುತ್ತಾರೆ. ಆಗ ಶಿಕ್ಷಕರು 'ಏನು ಕಂಡು ಹಾಗೆ ಬರೆದೆ?' ಎಂದು ಮಾತ್ರ ಕೇಳುತ್ತಾರೆ. ಈ ಹಂತಕ್ಕೆ ಅವಸರ ಮಾಡಿದರೆ ಮುಂದಿನದೆಲ್ಲ ವ್ಯರ್ಥ. ಎರಡನೇ ಸಲ ಧ್ವನಿಯೊಡನೆ ನೋಡಿ, ಕೇಳಿದ ಮಾತುಗಳನ್ನು ಗುರುತು ಹಾಕಿಕೊಳ್ಳುತ್ತಾರೆ. ನಂತರ ಜೋಡಿಯಾಗಿ, ಒಂದೇ ಕೋರಿಕೆಯನ್ನು ಗೆಳೆಯರಿಗೆ, ಶಿಕ್ಷಕರಿಗೆ, ಅಪರಿಚಿತರಿಗೆ ಬೇರೆ ಬೇರೆ ರೀತಿಯಲ್ಲಿ ಹೇಳಿ ಅಭ್ಯಾಸ ಮಾಡುತ್ತಾರೆ. ಕೊನೆಗೆ 'ನಮ್ಮ ಮನೆಯಲ್ಲಾದರೆ ಹೇಗೆ ಕೇಳುತ್ತೇವೆ' ಎಂದು ಐದು ವಾಕ್ಯ ಇಂಗ್ಲಿಷಿನಲ್ಲಿ ಬರೆಯಬೇಕು. ತಮ್ಮ ಪದ್ಧತಿಯನ್ನು ಹೊರಗಿನವರಿಗೆ ತಿಳಿಯುವಂತೆ ವಿವರಿಸುವುದು ಕಷ್ಟದ ಕೆಲಸ. ಈ ಪಾಠದ ನಿಜವಾದ ಗಳಿಕೆಯೂ ಅದೇ ಎಂಬುದು ನನ್ನ ಅಭಿಪ್ರಾಯ.

ಇಂಗ್ಲಿಷ್ ಒಂದೇ ದೇಶದ ಸ್ವತ್ತಲ್ಲ. 03/04 ಎಂದರೆ ಬ್ರಿಟನ್ನಿನಲ್ಲಿ ಏಪ್ರಿಲ್ 3, ಅಮೆರಿಕದಲ್ಲಿ ಮಾರ್ಚ್ 4. 'ಫಸ್ಟ್ ಫ್ಲೋರ್' ಬ್ರಿಟನ್ನಿನಲ್ಲಿ ನೆಲಮಹಡಿಯ ಮೇಲಿನದು, ಅಮೆರಿಕದಲ್ಲಿ ಸಾಮಾನ್ಯವಾಗಿ ನೆಲಮಹಡಿಯೇ. ಹಾಗಾಗಿ ಒಂದೇ ಸನ್ನಿವೇಶಕ್ಕೆ ಕನಿಷ್ಠ ಎರಡು ಕಡೆಯ ದೃಶ್ಯಗಳನ್ನು ತೋರಿಸುತ್ತೇವೆ. ಒಂದೇ ದೃಶ್ಯ ನೋಡಿದ ಮಗು ಇಡೀ ದೇಶವೇ ಹಾಗೆ ಎಂದು ನಂಬಿಬಿಡುತ್ತದೆ. ನೋಟ್‌ಬುಕ್ಕಿನಲ್ಲಿ 'ಎಲ್ಲರೂ', 'ಯಾವಾಗಲೂ' ಎಂದಿದ್ದರೆ 'ಈ ದೃಶ್ಯದಲ್ಲಿ', 'ಕೆಲವರು' ಎಂದು ತಿದ್ದಿಸುತ್ತೇವೆ.

ಹಬ್ಬ, ಬಾವುಟ, ತಿನಿಸುಗಳ ಪಟ್ಟಿಯನ್ನು ಬಾಯಿಪಾಠ ಮಾಡಿಸುವುದಿಲ್ಲ, ಅದಕ್ಕೆ ಅಂಕವೂ ಇಲ್ಲ. ಹತ್ತರಲ್ಲಿ ನಾಲ್ಕು ಅಂಕ ಗಮನಿಸಿದ್ದಕ್ಕೆ, ನಾಲ್ಕು ಸಂದರ್ಭಕ್ಕೆ ತಕ್ಕ ಮಾತಿಗೆ, ಎರಡು ಹೋಲಿಕೆಗೆ. ಮಕ್ಕಳು ಪರರ ರೀತಿಯನ್ನು ಅರಿಯಬೇಕು; ಮನೆಯಲ್ಲಿ ಅದನ್ನೇ ಪಾಲಿಸಬೇಕೆಂಬ ನಿರೀಕ್ಷೆ ನಮಗಿಲ್ಲ.

ನೋಟ್‌ಬುಕ್ ಪ್ರತಿ ಶುಕ್ರವಾರ ಮನೆಗೆ ಬರುತ್ತದೆ. ನಿಮಗೆ ಇಂಗ್ಲಿಷ್ ಬರಬೇಕಿಲ್ಲ. ಮಗು ಬರೆದದ್ದನ್ನು ಕನ್ನಡದಲ್ಲಿ ಹೇಳಿಸಿ, 'ನಮ್ಮಲ್ಲಿ ಯಾಕೆ ಹೀಗೆ?' ಎಂಬ ಪ್ರಶ್ನೆಗೆ ನಿಮಗೆ ತೋಚಿದ ಉತ್ತರವನ್ನು ಒಂದೆರಡು ಸಾಲಿನಲ್ಲಿ ಕನ್ನಡದಲ್ಲೇ ಬರೆದು ಸಹಿ ಮಾಡಿ. ಸೋಮವಾರದ ತರಗತಿಯ ಚರ್ಚೆ ಆ ಸಾಲುಗಳಿಂದಲೇ ಆರಂಭವಾಗುತ್ತದೆ.

ಇಂತಿ ತಮ್ಮ ವಿಶ್ವಾಸಿ,
ಮುಖ್ಯ ಶಿಕ್ಷಕರು