ಮೀನಲ್ಲಿ ಸೀಸ ಅಂತ ಬರೆಯೋ ಮುಂಚೆ, ಹಸಿ ತೂಕನಾ ಒಣ ತೂಕನಾ ಕೇಳಿ

ಮಾನ್ಯ ಸಂಪಾದಕರೇ,

ಮೀನಲ್ಲಿ ಸೀಸ, ಕೆರೆ ಹೂಳಲ್ಲಿ ಕ್ಯಾಡ್ಮಿಯಂ ಅಂತ ಪೇಪರ್‌ಗಳಲ್ಲಿ ಆಗಾಗ ಸುದ್ದಿ ಬರತ್ತೆ, ಮಿತಿಗಿಂತ ಇಷ್ಟು ಪಟ್ಟು ಅಂತ ದಪ್ಪಕ್ಷರದ ಹೆಡ್ಡಿಂಗ್ ಬೇರೆ, ಆದ್ರೆ ಸ್ಯಾಂಪಲ್ ಹೇಗೆ ರೆಡಿ ಮಾಡಿದ್ರು ಅನ್ನೋದು ಒಂದು ಸಾಲೂ ಇರಲ್ಲ. ಅದು ಗೊತ್ತಿಲ್ದೆ ಆ ನಂಬರ್ ಇಟ್ಕೊಂಡು ಏನೂ ಹೇಳೋಕಾಗಲ್ಲ.

ಮೀನಿನ ಮಾಂಸದಲ್ಲಿ ಮುಕ್ಕಾಲು ಪಾಲು, ಕೆಲವು ಮೀನಲ್ಲಿ ಶೇ. 80ರಷ್ಟು ಬರೀ ನೀರು. ಲ್ಯಾಬಲ್ಲಿ ಒಣಗಿಸಿ ಪುಡಿ ಮಾಡಿ ಅಳೆದ್ರೆ ಅದೇ ಮೀನಿನ ಅಂಕಿ ನಾಕೈದು ಪಟ್ಟು ಏರತ್ತೆ. ಕೋಡೆಕ್ಸ್ (ಆಹಾರಕ್ಕೆ ಅಂತರರಾಷ್ಟ್ರೀಯ ಮಾನದಂಡ ಹಾಕೋ ಸಂಸ್ಥೆ) ಹೇಳೋ ಸೀಸದ ಮಿತಿ ಕೆಜಿಗೆ 0.3 ಮಿಲಿಗ್ರಾಂ, ಅದು ಹಸಿ ಮೀನಿನ ಲೆಕ್ಕ. ಒಣ ಪುಡಿಯಲ್ಲಿ 1 ಮಿಲಿಗ್ರಾಂ ಬಂದಿದ್ರೆ ಹಸಿ ಲೆಕ್ಕದಲ್ಲಿ 0.2 ಇಲ್ಲಾ 0.25, ಅಂದ್ರೆ ಮಿತಿ ಒಳಗೇ ಇದೆ, ಆದ್ರೆ ಹೆಡ್ಡಿಂಗಲ್ಲಿ ಮಾತ್ರ "ಮೂರು ಪಟ್ಟು ವಿಷ"!

ಮೀನಿನ ಯಾವ ಭಾಗ ಅನ್ನೋದೂ ಮುಖ್ಯ. ಕ್ಯಾಡ್ಮಿಯಂ ಲಿವರ್, ಕಿಡ್ನೀಲಿ ಸೇರ್ಕೊಳತ್ತೆ, ಪಾದರಸ ಮಾಂಸದಲ್ಲೇ ಕೂರತ್ತೆ, ಅದೂ ಬಹುಪಾಲು ಮಿಥೈಲ್ ಪಾದರಸ ಅನ್ನೋ ಹೆಚ್ಚು ವಿಷದ ರೂಪದಲ್ಲಿ. ಇಡೀ ಮೀನನ್ನ ರುಬ್ಬಿದ್ರೆ ಹೊಟ್ಟೇಲಿರೋ ಮಣ್ಣಿನ ಲೋಹನೂ ಮೀನಿನ ಖಾತೆಗೇ ಬೀಳತ್ತೆ. ಇನ್ನು ಕೊಯ್ಯೋ ಚಾಕು. ಸ್ಟೇನ್‌ಲೆಸ್ ಸ್ಟೀಲಲ್ಲೇ ಕ್ರೋಮಿಯಂ, ನಿಕ್ಕಲ್ ಇರೋದ್ರಿಂದ ಅವನ್ನ ಅಳೆಯೋರು ಸೆರಾಮಿಕ್ ಅಥವಾ ಟೈಟೇನಿಯಂ ಚಾಕು ತಗೋಬೇಕು, ಡಬ್ಬಿ ಬಾಟ್ಲಿಗಳನ್ನ ಮೊದಲೇ ನೈಟ್ರಿಕ್ ಆಸಿಡ್ ನೀರಲ್ಲಿ ನೆನೆಹಾಕಿ ತೊಳೀಬೇಕು. ಪಾದರಸ ನೋಡೋದಾದ್ರೆ ಜೋರು ಬಿಸಿ ಓವನ್ನಲ್ಲಿ ಒಣಗಿಸೋ ಹಾಗಿಲ್ಲ, ಹಾರಿಹೋಗತ್ತೆ, ಫ್ರೀಜ್ ಡ್ರೈ (ಹೆಪ್ಪುಗಟ್ಟಿಸಿ ನಿರ್ವಾತದಲ್ಲಿ ಒಣಗಿಸೋದು) ಮಾಡೋದೇ ವಾಸಿ.

ಹೂಳಿನ ಕಥೆ ಇನ್ನೂ ಗೋಜಲು. ಲೋಹ ಅಂಟ್ಕೊಳ್ಳೋದು ನುಣುಪು ಜೇಡಿಗೆ, ಮರಳಿಗೆ ಕಮ್ಮಿ. ಅದಕ್ಕೇ ಹೋಲಿಕೆ ಮಾಡೋರು ಸಾಮಾನ್ಯವಾಗಿ 63 ಮೈಕ್ರಾನ್ ಜರಡಿ ಹಿಡೀತಾರೆ (ನೈಲಾನ್ ಜರಡಿ, ಹಿತ್ತಾಳೇದಾದ್ರೆ ತಾಮ್ರ ಸತು ಅದರಿಂದಲೇ ಬರತ್ತೆ). ಒಂದೇ ಕೆರೆ ದಡದ ಮರಳು ತಂದು ಕೆರೆ ಕ್ಲೀನ್ ಅಂತಾನೂ ತೋರಿಸಬಹುದು, ನಡುಮಧ್ಯದ ಕೆಸರು ತಂದು ಹಾಳಾಗಿದೆ ಅಂತಾನೂ ತೋರಿಸಬಹುದು, ಎರಡೂ ಕಡೆ ಅಳತೆ ಸರಿಯಾಗೇ ಇರತ್ತೆ! ಕೊಳಚೆ ಬಿಡೋರಿಗೆ ಇದು ಚೆನ್ನಾಗಿ ಗೊತ್ತು ಅನ್ನೋದು ನನ್ನ ಅನುಮಾನ. ಅಳೆಯೋ ಮುಂಚೆ ಹೂಳನ್ನ ಕರಗಿಸೋ ಆಸಿಡ್ ಲೆಕ್ಕನೂ ಹಂಗೇ, ಆಕ್ವಾ ರೀಜಿಯಾಗೆ (ನೈಟ್ರಿಕ್, ಹೈಡ್ರೋಕ್ಲೋರಿಕ್ ಆಸಿಡ್ ಮಿಶ್ರಣ) ಮಣ್ಣಲ್ಲಿರೋ ಸಿಲಿಕೇಟ್ ಖನಿಜ ಪೂರ್ತಿ ಕರಗಲ್ಲ, ಒಳಗಿರೋ ಲೋಹ ಎಲ್ಲಾ ಬೇಕಂದ್ರೆ ಹೈಡ್ರೋಫ್ಲೋರಿಕ್ ಆಸಿಡ್ ಬೇಕು, ಹಾಗಾಗಿ ಬೇರೆ ಬೇರೆ ಆಸಿಡ್ ಬಳಸಿದ ಎರಡು ರಿಪೋರ್ಟ್‌ನ ಪಕ್ಕಪಕ್ಕ ಇಟ್ಟು ಮಾಲಿನ್ಯ ಏರಿದೆ ಇಳಿದಿದೆ ಅನ್ನೋಕಾಗಲ್ಲ.

ಸುದ್ದಿ ಹಾಕ್ಬೇಡಿ ಅಂತಿಲ್ಲ, ಖಂಡಿತ ಹಾಕಿ. ನಿಮ್ಮ ವರದಿಗಾರರು ಲ್ಯಾಬ್‌ನೋರಿಗೆ ಒಂದು ಫೋನ್ ಮಾಡಿ ಹಸಿ ತೂಕನಾ ಒಣ ತೂಕನಾ, ಮೀನಿನ ಯಾವ ಭಾಗ, ಹೂಳು ಯಾವ ಜಾಗದ್ದು, ಯಾವ ಜರಡಿ, ಯಾವ ಆಸಿಡ್ ಅಂತ ಕೇಳಿ ಬರೆದ್ರೆ ಸಾಕು. ಸ್ಯಾಂಪಲ್ ಇಲ್ದೆ ಬರೀ ಆಸಿಡ್ ಕಾಯಿಸಿದ ಬ್ಲಾಂಕ್‌ನಲ್ಲಿ ಎಷ್ಟು ಬಂತು ಅಂತಾನೂ ಕೇಳ್ಲಿ, ಲ್ಯಾಬಿಂದಲೇ ಸೇರಿದ ಲೋಹ ಎಷ್ಟು ಅಂತ ಅದ್ರಲ್ಲಿ ಗೊತ್ತಾಗತ್ತೆ. ಉತ್ತರ ಕೊಡೋಕೆ ತಡವರಿಸಿದ್ರೆ ಆ ಹೆಡ್ಡಿಂಗ್‌ನ ಒಂದು ದಿನ ತಡೆದಿಡಿ.

ಇತಿ,
ಒಬ್ಬ ಓದುಗ