ದೀಪ ಹಚ್ಚೋಕೆ ಪುರುಸೊತ್ತಿದೆ, ಸಂಶೋಧನೆಗೆ ದುಡ್ಡಿಲ್ಲವಂತೆ

ಮಾನ್ಯ ಸಂಪಾದಕರೇ,

ಸೋಮವಾರದ ನಿಮ್ಮ ಪತ್ರಿಕೆಯ ಹಾಸನ ಪುಟದಲ್ಲಿ ಬಂದ ಕಾಂಡಕೋಶ (ಸ್ಟೆಮ್ ಸೆಲ್, ಅಂದರೆ ಬೇರೆ ಬೇರೆ ಬಗೆಯ ಕೋಶವಾಗಿ ಬೆಳೆಯಬಲ್ಲ ಮೂಲಕೋಶ) ಚಿಕಿತ್ಸೆಯ ಶಿಬಿರದ ಸುದ್ದಿ ಓದಿ ಸಿಟ್ಟು ತಡೆಯಲಾರದೆ ಇದನ್ನು ಬರೆಯುತ್ತಿದ್ದೇನೆ. 'ಸಕ್ಕರೆ ಕಾಯಿಲೆಗೆ ವರದಾನ' ಅಂತ ದಪ್ಪಕ್ಷರದಲ್ಲಿ ಹಾಕಿದ್ದೀರಿ. ದೊಡ್ಡ ಫೋಟೋ ಬೇರೆ. ಅಷ್ಟೊಂದು ಜನ ಸೇರಿ ಒಂದು ದೀಪ ಹಚ್ಚುತ್ತಿದ್ದಾರೆ. ಅದೇ ಸಭಾಂಗಣದ ಕೊನೇ ಸಾಲಿನಲ್ಲಿ ನಾವೂ ಇದ್ದೆವು ಸ್ವಾಮಿ. ನಿಮ್ಮ ವರದಿಗಾರರು ಫೋಟೋ ತೆಗೆದುಕೊಂಡು ಹೋದ ಮೇಲೆ ಅಲ್ಲಿ ಏನಾಯಿತು ಅಂತ ಯಾರಾದರೂ ಬರೆಯಬೇಕಲ್ಲ.

ನಾನು ಔಷಧಿ ಅಂಗಡಿ ಇಟ್ಟುಕೊಂಡವನು. ತಮ್ಮನ ಮಗಳಿಗೆ ಟೈಪ್ 1 ಡಯಾಬಿಟಿಸ್. ಸಿಹಿ ತಿಂದು ಬಂದದ್ದಲ್ಲ, ವಯಸ್ಸಾಗಿ ಬಂದದ್ದೂ ಅಲ್ಲ. ದೇಹದ ರೋಗನಿರೋಧಕ ಶಕ್ತಿಯೇ ದಾರಿ ತಪ್ಪಿ, ಪ್ಯಾಂಕ್ರಿಯಾಸ್‌ನಲ್ಲಿ ಇನ್ಸುಲಿನ್ ಮಾಡುವ ಕೋಶಗಳನ್ನು ಕೊಂದು ಹಾಕಿದೆ. ದಿನಾ ಚುಚ್ಚಿಕೊಳ್ಳಲೇಬೇಕು, ಬೇರೆ ದಾರಿಯಿಲ್ಲ. ಶಿಬಿರದ ಕರಪತ್ರದಲ್ಲಿ 'ಇನ್ಸುಲಿನ್‌ನಿಂದ ಮುಕ್ತಿ' ಅಂತ ಇತ್ತು. ನನಗೆ ನಂಬಿಕೆ ಇರಲಿಲ್ಲ. ಆದರೆ ಮಗುವಿನ ತಾಯಿ ಆ ಕರಪತ್ರವನ್ನು ಮಡಚಿ ಪರ್ಸಿನಲ್ಲಿ ಇಟ್ಟುಕೊಂಡಿದ್ದನ್ನು ನೋಡಿದ ಮೇಲೆ ಬೇಡ ಅನ್ನೋಕೆ ಬಾಯಿ ಬರಲಿಲ್ಲ.

ಬೆಳಗ್ಗೆ ಒಂಬತ್ತೂವರೆಗೆ ಶುರು ಅಂದಿದ್ದರು. ಎನ್.ಆರ್. ವೃತ್ತದಲ್ಲಿ ಗಾಡಿ ನಿಂತಿದ್ದು ನಿಂತೇ ಇತ್ತು. ಹೇಗೋ ಹೋಗಿ ಸೇರಿದರೆ ಪಾರ್ಕಿಂಗ್ ಗಣ್ಯರಿಗೆ ಮಾತ್ರ. ಒಳಗೆ ಟೋಕನ್ ಕೊಡುವವನಿಗೆ ಟೋಕನ್ ಪುಸ್ತಕ ಎಲ್ಲಿದೆ ಅಂತಲೇ ಗೊತ್ತಿಲ್ಲ. ಮುಖ್ಯ ಅತಿಥಿಗಳು 'ಸಕಲೇಶಪುರ ಬಿಟ್ಟಿದ್ದಾರೆ' ಅಂತ ಮೈಕಿನಲ್ಲಿ ಹೇಳುತ್ತಲೇ ಇದ್ದರು. ಅಷ್ಟು ಹೊತ್ತಿಗೆ ಮಂಗಳೂರಿಂದ ಬರಬಹುದಿತ್ತು. ಬಂದರು, ಹಾರ ಹಾಕಿಸಿಕೊಂಡರು, ಭಾಷಣ ಶುರುವಾಯಿತು. ಊಟದ ಹೊತ್ತು ಮೀರಿತು. ಇನ್ಸುಲಿನ್ ತೆಗೆದುಕೊಂಡ ಮಗು ಹೊತ್ತಿಗೆ ಸರಿಯಾಗಿ ತಿನ್ನದಿದ್ದರೆ ಶುಗರ್ ಇಳಿಯುತ್ತದೆ. ಸಕ್ಕರೆ ಕಾಯಿಲೆಯ ಶಿಬಿರ ಮಾಡುವವರಿಗೆ ಇಷ್ಟಾದರೂ ಗೊತ್ತಿರಬೇಡವೇ? ಹುಡುಗಿ ಬೆವರಿದಳು. ಬಿಸ್ಕತ್ತಿನ ಪ್ಯಾಕೆಟ್ ಒಡೆಯಲು ಬೆರಳು ನಿಲ್ಲುತ್ತಿರಲಿಲ್ಲ, ಹಲ್ಲಿನಲ್ಲಿ ಕಚ್ಚಿ ಎಳೆದಳು. ಮೀಟರ್ 54 ತೋರಿಸಿತು. 'ದೊಡ್ಡಪ್ಪ, ಕಣ್ಣು ಮಂಜಾಗ್ತಿದೆ' ಅಂದಳು. ನಾನು ಎದ್ದು ಗ್ಲೂಕೋಸ್ ಇದೆಯಾ ಅಂತ ಕೇಳಿದರೆ ಸ್ವಯಂಸೇವಕನೊಬ್ಬ ಬಂದು 'ಸಾಹೇಬರ ಭಾಷಣ ನಡೀತಿದೆ, ಕೂತ್ಕೊಳ್ಳಿ ಸಾರ್' ಅಂದ. ವೇದಿಕೆ ಮೇಲೆ ಮಾತ್ರ ಗೋಡಂಬಿ, ದ್ರಾಕ್ಷಿ ತಟ್ಟೆ ತಟ್ಟೆ ಇತ್ತು. ಅಮ್ಮನ ಬ್ಯಾಗಿನಲ್ಲಿ ಗ್ಲೂಕೋಸ್ ಪುಡಿ ಇದ್ದದ್ದು ಪುಣ್ಯ.

ಆ ಸಾಹೇಬರು ಏನು ಭಾಷಣ ಮಾಡಿದರು ಅಂತ ನೀವೇ ಅಚ್ಚು ಹಾಕಿದ್ದೀರಿ. ಭ್ರೂಣದ ಕಾಂಡಕೋಶ ಸಂಶೋಧನೆ ಎಲ್ಲ ವಿದೇಶದವರ ಕೆಲಸ, ಸರ್ಕಾರ ಅದಕ್ಕೆಲ್ಲ ದುಡ್ಡು ಸುರಿಯೋಕೆ ಆಗಲ್ಲ, ಖಾಸಗಿಯವರು ಮುಂದೆ ಬಂದಿರುವುದು ಸ್ವಾಗತಾರ್ಹ. ವಾಹ್!

ಸಾಹೇಬರೇ, 2001ರಲ್ಲಿ ಅಮೆರಿಕದ ಅಧ್ಯಕ್ಷ ಬುಷ್ ಅವರು ಭ್ರೂಣದ ಕಾಂಡಕೋಶಕ್ಕೆ ಸರ್ಕಾರಿ ದುಡ್ಡು ಬೇಕಾದರೆ ಈಗಾಗಲೇ ಇರುವ ಕೋಶಗಳ ಮೇಲೆ ಮಾತ್ರ ಕೆಲಸ ಮಾಡಿ ಅಂತ ಕಟ್ಟು ಹಾಕಿದರಲ್ಲ, ಆಗ ಅಂಥ ಕೋಶ ಇಟ್ಟುಕೊಂಡವರು ಯಾರು ಅಂತ ಅವರದೇ ಸರ್ಕಾರ ಹೊರಡಿಸಿದ ಪಟ್ಟಿಯಲ್ಲಿ ಪ್ರಪಂಚದ ಹತ್ತು ಪ್ರಯೋಗಾಲಯಗಳಿದ್ದವು. ಅದರಲ್ಲಿ ಒಂದು ನಮ್ಮ ಬೆಂಗಳೂರಿನ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರ, ಎನ್‌ಸಿಬಿಎಸ್. ಜಕ್ಕೂರಿನ ಜವಾಹರಲಾಲ್ ನೆಹರೂ ಕೇಂದ್ರದಲ್ಲಿ ಮನೀಷಾ ಇನಾಮದಾರ್ ಅವರ ತಂಡ, ದೇಹದ ಹೊರಗೆ ಭ್ರೂಣ ಮಾಡುವ ಬಂಜೆತನದ ಚಿಕಿತ್ಸೆಯಾದ ಐವಿಎಫ್‌ನಲ್ಲಿ ಬಳಸಲು ಬಾರದೆ ಬಿಟ್ಟ ಭ್ರೂಣಗಳಿಂದಲೇ ಎರಡು ಕೋಶಸಾಲುಗಳನ್ನು, ಅಂದರೆ ಪ್ರಯೋಗಾಲಯದಲ್ಲಿ ಬೆಳೆಯುತ್ತಲೇ ಇರುವ ಕೋಶಗಳ ಸಂತತಿಯನ್ನು, ಬೆಳೆಸಿತು. ಕಾಂಡಕೋಶ ಸಂಶೋಧನೆಗೆ ಅಂತ ಇರುವ, ಕೇಂದ್ರ ಸರ್ಕಾರದ್ದೇ ಆದ ಇನ್‌ಸ್ಟೆಮ್ ಸಂಸ್ಥೆ 2009ರಿಂದ ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದ ಜಿಕೆವಿಕೆ ಆವರಣದಲ್ಲಿದೆ. ಹಾಸನದಿಂದ ಬೆಳಗ್ಗೆ ಬಸ್ ಹತ್ತಿದರೆ ಮಧ್ಯಾಹ್ನದೊಳಗೆ ಅಲ್ಲಿರಬಹುದು. ವಿದೇಶವಂತೆ ವಿದೇಶ!

ಭ್ರೂಣದ ಕಾಂಡಕೋಶ ಸಂಶೋಧನೆಗೆ ನಮ್ಮಲ್ಲಿ ನಿಷೇಧವೂ ಇಲ್ಲ. ಐವಿಎಫ್ ಮುಗಿದು ಉಳಿದ ಭ್ರೂಣ, ಅದೂ ದಂಪತಿ ಬರೆದುಕೊಟ್ಟರೆ ಮಾತ್ರ. ಐದಾರು ದಿನದ್ದು, ಬರಿಗಣ್ಣಿಗೆ ಸರಿಯಾಗಿ ಕಾಣುವುದೂ ಇಲ್ಲ. 14 ದಿನ ದಾಟಿ ಬೆಳೆಸುವಂತಿಲ್ಲ. ಭ್ರೂಣವೂ ಜೀವವೇ ಅನ್ನುವವರಿದ್ದಾರೆ, ಅವರ ಮಾತನ್ನು ನಾನು ಹಗುರ ಮಾಡಲ್ಲ, ಕೂತು ಮಾತಾಡಬಹುದು. ಚರ್ಮದ ಕೋಶದಿಂದಲೇ ಕಾಂಡಕೋಶ ಮಾಡುವುದನ್ನು ಜಪಾನಿನ ಯಮನಾಕಾ ಕಂಡುಹಿಡಿದು 2012ರಲ್ಲಿ ನೊಬೆಲ್ ಪಡೆದರಲ್ಲ, ಇನ್ನು ಭ್ರೂಣ ಯಾಕೆ ಅಂತ ಕೇಳುವವರೂ ಇದ್ದಾರೆ. ಅದೂ ಸರಿಯಾದ ಪ್ರಶ್ನೆಯೇ. ಎರಡನ್ನೂ ಪಕ್ಕಪಕ್ಕ ಇಟ್ಟು ನೋಡದೆ ಯಾವುದು ವಾಸಿ ಅಂತ ಹೇಳೋದು ಹೇಗೆ? ಆದರೆ ವೇದಿಕೆ ಮೇಲಿದ್ದವರಿಗೆ ಇಂಥ ಪ್ರಶ್ನೆಯೇ ಇಲ್ಲ. ದುಡ್ಡಿಲ್ಲ, ಮುಗೀತು.

ನಮ್ಮ ಹುಡುಗಿಯಂಥವರಿಗೆ ನಿಜವಾದ ಆಸೆ ಎಲ್ಲಿದೆ ಹೇಳುತ್ತೇನೆ. ಹಾರ್ವರ್ಡ್‌ನಲ್ಲಿ ಡಗ್ಲಾಸ್ ಮೆಲ್ಟನ್ ಅಂತ ವಿಜ್ಞಾನಿ ಇದ್ದರು. ಅವರ ಮಗನಿಗೂ ಆಮೇಲೆ ಮಗಳಿಗೂ ಇದೇ ಟೈಪ್ 1 ಬಂತು. ಮಾಡುತ್ತಿದ್ದ ಕೆಲಸ ಬಿಟ್ಟು ಭ್ರೂಣದ ಕಾಂಡಕೋಶದಿಂದ ಇನ್ಸುಲಿನ್ ಕೋಶ ಮಾಡುವುದಕ್ಕೆ ಕೂತರು. ಬುಷ್ ಕಾಲದ ಕಟ್ಟಿನಿಂದಾಗಿ ಸರ್ಕಾರಿ ದುಡ್ಡಿನಲ್ಲಿ ಕೊಂಡ ಉಪಕರಣವನ್ನು ಆ ಕೆಲಸಕ್ಕೆ ಮುಟ್ಟುವಂತಿರಲಿಲ್ಲ. ಬೇರೆ ಪ್ರಯೋಗಾಲಯ, ಬೇರೆ ಲೆಕ್ಕಪುಸ್ತಕ. 2009ರಲ್ಲಿ ಒಬಾಮ ಆ ಕಟ್ಟು ತೆಗೆದರು. ಆ ಪ್ರಯೋಗಾಲಯದಲ್ಲಿ ಶುರುವಾದ ಕೆಲಸವನ್ನು ಮುಂದೆ ಒಂದು ಕಂಪನಿ ಕೊಂಡು ರೋಗಿಗಳ ಮೇಲೆ ಪರೀಕ್ಷೆ ಮಾಡಿತು. 2025ರಲ್ಲಿ ಫಲಿತಾಂಶ ಬಂತು. ಪೂರ್ತಿ ಡೋಸ್ ಪಡೆದ 12 ಜನರಲ್ಲಿ 10 ಜನ ಒಂದು ವರ್ಷದ ಹೊತ್ತಿಗೆ ಇನ್ಸುಲಿನ್ ಬಿಟ್ಟಿದ್ದರು. ಹೊಸ ಕೋಶಗಳನ್ನು ದೇಹ ತಿರಸ್ಕರಿಸದಂತೆ ರೋಗನಿರೋಧಕ ಶಕ್ತಿ ತಗ್ಗಿಸುವ ಮಾತ್ರೆ ನುಂಗುತ್ತಲೇ ಇರಬೇಕು. ಅದು ಸಣ್ಣ ವಿಷಯವಲ್ಲ, ಮಕ್ಕಳಿಗೆ ಸುಮ್ನೆ ಕೊಡೋಕಾಗಲ್ಲ. ಆದರೂ ಇದು ಕೆಲಸ. ಇಪ್ಪತ್ತು ವರ್ಷಕ್ಕೂ ಜಾಸ್ತಿ ಹಿಡಿದ ಕೆಲಸ.

ನಮ್ಮ ಶಿಬಿರದಲ್ಲಿ? ಕುತ್ತಿಗೆಗೆ ಟ್ಯಾಗ್ ಹಾಕಿಕೊಂಡ ಹುಡುಗ, ಕೈಯಲ್ಲಿ ಟ್ಯಾಬ್. ಕೋಶ ಎಲ್ಲಿಂದ ತೆಗೀತೀರಪ್ಪಾ ಅಂದೆ. 'ಹೊಟ್ಟೆ ಕೊಬ್ಬಿಂದ ಸಾರ್, ಪೇಷೆಂಟ್‌ದೇ.' ಟೈಪ್ 1ಕ್ಕೂ ಅದೇನಾ? 'ಎಲ್ಲದಕ್ಕೂ ಒಂದೇ ಸಾರ್, ಮಂಡಿ ನೋವಿಗೂ ಅದೇ.' ಹಾಕಿದ ಕೋಶವನ್ನು ಮತ್ತೆ ದೇಹವೇ ಕೊಂದರೆ? 'ಪ್ಯಾಕೇಜ್‌ನಲ್ಲಿ ಎಲ್ಲಾ ಕವರ್ ಆಗುತ್ತೆ.' ಪ್ಯಾಕೇಜ್ ಲಕ್ಷಗಳಲ್ಲಿ. ಕಂತೂ ಇದೆಯಂತೆ, ಟಿವಿ ಕೊಂಡ ಹಾಗೆ.

ದೇಶದ ವೈದ್ಯಕೀಯ ಸಂಶೋಧನಾ ಮಂಡಳಿ ಐಸಿಎಂಆರ್ 2017ರ ಮಾರ್ಗಸೂಚಿಯಲ್ಲೇ ಹೇಳಿದೆ: ರಕ್ತದ ಕೆಲವು ಕಾಯಿಲೆಗೆ ಅಸ್ಥಿಮಜ್ಜೆ ಕಸಿಯಂಥದ್ದು ಬಿಟ್ಟರೆ, ಉಳಿದ ಕಾಂಡಕೋಶ ಪ್ರಯೋಗವೆಲ್ಲ ಅನುಮತಿ ಪಡೆದ ಕ್ಲಿನಿಕಲ್ ಟ್ರಯಲ್‌ನಲ್ಲಿ ಮಾತ್ರ. ಅದು ಬಿಡಿ, ಸಕ್ಕರೆ ಕಾಯಿಲೆ ವಾಸಿ ಮಾಡುತ್ತೇವೆ ಅಂತ ಔಷಧದ ಜಾಹೀರಾತು ಕೊಡುವ ಹಾಗಿಲ್ಲ ಅಂತ 1954ರ ಕಾನೂನೇ ಇದೆ. ನಮ್ಮಂಥ ಅಂಗಡಿಯವರಿಗೆ ಇದು ಬಾಯಿಪಾಠ. ಯಾಕಂದರೆ ನಮ್ಮ ಮೇಲೆ ಕಾನೂನು ಬಹಳ ಚೆನ್ನಾಗಿ ನಡೆಯುತ್ತದೆ. ಪರಿಶೀಲನೆಗೆ ಬರುವವರು ಮೊದಲು ಫ್ರಿಜ್ ಬಾಗಿಲು ತೆಗೆಯುತ್ತಾರೆ. ಇನ್ಸುಲಿನ್ 2ರಿಂದ 8 ಡಿಗ್ರಿಯಲ್ಲೇ ಇರಬೇಕು, ರಿಜಿಸ್ಟರ್‌ನಲ್ಲಿ ಬರೆದಿರಬೇಕು. ಸರಿ, ಇರಬೇಕಾದ್ದೇ. ಆದರೆ ಮಳೆಗಾಲದಲ್ಲಿ ಒಂದು ಕೊಂಬೆ ಬಿದ್ದರೆ ಅರ್ಧ ದಿನ ಕರೆಂಟ್ ಇರಲ್ಲ, ಆಗ ಡಿಗ್ರಿಯನ್ನು ನಾನು ಬಾಯಲ್ಲಿ ಊದಿ ತಂಪು ಮಾಡಲಾ? ಯುಪಿಎಸ್‌ಗೆ ಸಬ್ಸಿಡಿ ಕೇಳಿ ಕೊಟ್ಟ ಅರ್ಜಿ ಯಾವ ಮೇಜಿನ ಮೇಲಿದೆಯೋ ಆ ಹಾಸನಾಂಬೆಗೇ ಗೊತ್ತು. ಅವಳ ದರ್ಶನಕ್ಕೂ ಪಾಸ್ ಇರುವವರಿಗೇ ಮೊದಲು.

2025ರಲ್ಲಿ ಹಾಸನದಲ್ಲಿ ಸಾಲು ಸಾಲು ಹೃದಯಾಘಾತದ ಸುದ್ದಿ ಬಂದಾಗ ಜಿಲ್ಲೆಗೆ ಜಿಲ್ಲೆಯೇ ಹೆದರಿ ಜನ ಮೈಸೂರಿನ ಜಯದೇವ ಆಸ್ಪತ್ರೆಗೆ ನುಗ್ಗಿದರು. ಆಗ ಸಮಿತಿ ಮಾಡಿದರು, ವರದಿ ಬಂತು. ಹೆದರಿದ ಜನಕ್ಕೆ ಏನು ಬೇಕಾದರೂ ಮಾರಬಹುದು ಅಂತ ಆಗಲೇ ಕಲಿತವರು ಕಲಿತರು. ಅಧಿಕಾರಿಗಳು ಮಾತ್ರ ಕಲಿಯಲಿಲ್ಲ. ವಿಮಾನ ನಿಲ್ದಾಣ ಇಂದು, ನಾಳೆ ಅಂತ ಹೇಳಿಕೆ ಕೊಡೋದರಲ್ಲೇ ಅವರಿಗೆ ಹೊತ್ತು ಹೋಗುತ್ತೆ.

ದುಡ್ಡಿನ ಮಾತು ಹೇಳಲೇಬೇಕು. 2020-21ರ ಲೆಕ್ಕದಲ್ಲಿ ಜಿಡಿಪಿಯ ಶೇ 0.64ರಷ್ಟನ್ನು ಮಾತ್ರ ಈ ದೇಶ ಸಂಶೋಧನೆಗೆ ಖರ್ಚು ಮಾಡುತ್ತೆ. ಎಲ್ಲಾ ಸಂಶೋಧನೆಗೂ ಸೇರಿ. 2023ರಲ್ಲಿ ರಾಷ್ಟ್ರೀಯ ಸಂಶೋಧನಾ ಪ್ರತಿಷ್ಠಾನದ ಕಾಯ್ದೆ ತಂದು ಐದು ವರ್ಷಕ್ಕೆ 50,000 ಕೋಟಿ ಅಂದರು. ಅದರಲ್ಲೂ ಬಹುಪಾಲು ಸರ್ಕಾರದ ಹೊರಗಿನಿಂದ ಬರಬೇಕಂತೆ. ನಮ್ಮ ಸಾಹೇಬರು ಹೇಳಿದ್ದೂ ಅದನ್ನೇ ಅಲ್ವಾ? ಖಾಸಗಿಯವರು ಬಂದಿದ್ದಾರೆ, ನೋಡಿ, ಟ್ಯಾಬ್ ಹಿಡಿದುಕೊಂಡು. ಸರ್ಕಾರ ಕೈ ತೊಳೆದುಕೊಂಡ ಜಾಗಕ್ಕೆ ಬರುವವರು ಇವರೇ.

ಹಾಗಾಗಿ ಭ್ರೂಣದ ಕಾಂಡಕೋಶ ಸಂಶೋಧನೆಗೆ ಸರ್ಕಾರ ದುಡ್ಡು ಜಾಸ್ತಿ ಮಾಡಬೇಕು. ಕೇಂದ್ರ ಮಾಡುತ್ತೋ ರಾಜ್ಯ ಮಾಡುತ್ತೋ, ನಮಗೆ ಸಂಬಂಧವಿಲ್ಲ, ಮಾಡಬೇಕು. ಇಂಥ ಶಿಬಿರ ಮಾಡಿದವರ ಮೇಲೆ ಕೇಸೂ ಹಾಕಬೇಕು. ಅನುಮತಿ ಕೊಟ್ಟವರು ಯಾರು ಅಂತ ಹೇಳಬೇಕು. ಇದ್ಯಾವುದೂ ಕೈಲಾಗದಿದ್ದರೆ ಅಧಿಕಾರಿಗಳು ಭಾನುವಾರ ಮನೆಯಲ್ಲಿ ಬಾಡೂಟ ಉಂಡು ಮಲಗಲಿ, ಯಾರೂ ಕೇಳಲ್ಲ. ನೀವೂ ಅಷ್ಟೇ ಸಂಪಾದಕರೇ, ಜಾಹೀರಾತನ್ನು ಜಾಹೀರಾತಿನ ಜಾಗದಲ್ಲಿ ಹಾಕಿ. 'ವರದಾನ' ಅಂತೆ! ಯಾರಿಗೆ ಯಾರು ಕೊಟ್ಟ ವರ, ಯಾರು ಕೊಟ್ಟ ದಾನ ಅಂತ ನಿಮ್ಮ ವರದಿಗಾರರನ್ನು ಒಂದು ಸಲ ಕೇಳಿ ನೋಡಿ.

— ಔಷಧಿ ಅಂಗಡಿಯವ, ಹಾಸನ